ಅಮ್ಮ ಹೇಳಿದ ಕೆಚ್ಚು

ಸೇಲಂ
೧೪-೮-೨೦೨೪

ಪ್ರೀತಿಯ ಕಲೈವಾಣಿ ಅಕ್ಕಾ,

ಹೊತ್ತಿಗೆ ಸರಿಯಾಗಿ ಉಣ್ತಿದ್ದೀಯಾ? ಕುವೈತಲ್ಲಿ ಬಿಸಿಲು ಜಾಸ್ತಿ ಅಂತೀಯ, ನೀನು ಕೆಲಸಕ್ಕಿರೋ ಮನೆಯೋರು ಮಧ್ಯಾಹ್ನ ಒಂಚೂರು ಮಲಗೋಕೆ ಬಿಡ್ತಾರಾ? ಇಲ್ಲಿ ನಾವು ಇದ್ದೀವಿ. ಫೋನಲ್ಲಿ ನಿನ್ನ ದನಿ ಕೇಳಿದ್ರೆ ನನಗೆ ಮಾತೇ ಬರಲ್ಲ, ಅದಕ್ಕೇ ಅಪ್ಪ ಕಲಿಸಿದ ಕನ್ನಡ ಅಕ್ಷರದಲ್ಲಿ ಬರೀತಿದ್ದೀನಿ. ತಪ್ಪಿದ್ರೆ ಸರಿಮಾಡಿ ಓದ್ಕೋ.

ಅಮ್ಮ ಮಗ್ಗದ ಮುಂದೇನೇ ಬಿದ್ದಳು ಅಂತ ಧನಪಾಲ್ ಮಾಮ ಹೇಳಿರ್ತಾರೆ. ಬಲಗೈ, ಬಲಗಾಲು ಬಿದ್ದೋಗೈತೆ. ತಮಿಳು ಬಾಯಿಗೆ ಬರ್ತಾನೇ ಇಲ್ಲ. ಬಜಾರಲ್ಲಿ ತಮಿಳಲ್ಲೇ ಜಗಳ ಆಡಿ ಗೆದ್ದು ಬರ್ತಿದ್ದೋಳು. ಬರೋದು ಕನ್ನಡ, ಅದರಲ್ಲೂ ಒಂದೇ ಮಾತು. ನನ್ನ ಮುಖ ನೋಡೋದು, ಕೆಚ್ಚು ಅನ್ನೋದು. ಆಸ್ಪತ್ರೆಯ ನರ್ಸ್ ರೋಜಾ ಪಾಪಿರೆಡ್ಡಿಪಟ್ಟಿ ಕಡೆ ಹುಡುಗಿ, ಕನ್ನಡ ತಿಳೀದು. "ಕೆಚ್ಚುನ್ನಾ ಎನ್ನಕ್ಕಾ?" ಅಂತ ಅರ್ಥ ಕೇಳಿದಳು. ಧೈರ್ಯ, ಯಾವುದಕ್ಕೂ ಬಗ್ಗದಿರೋ ಗಟ್ಟಿತನ ಅಂತ ತಮಿಳಲ್ಲಿ ಹೇಳಿದೆ. ಅಪ್ಪ ತೀರಿದಾಗ ಬೀದಿಯೋರೆಲ್ಲ ಅಮ್ಮನ್ನ ಕೆಚ್ಚಿರೋ ಹೆಂಗಸು ಅಂದದ್ದು ನಿನಗೂ ನೆನಪಿರಬೇಕು. ರೋಜಾ ಕಣ್ಣೊರೆಸಿಕೊಂಡು ವಾರ್ಡಿಗೆಲ್ಲ ಹೇಳಿದಳು. ಪಕ್ಕದ ಬೆಡ್ಡಿನ ಚೆಲ್ಲಮ್ಮ ಕೂಡ ನನ್ನ ಕೈ ಹಿಡಿದು ಕೆಚ್ಚು, ಕೆಚ್ಚು ಅಂದರು. ನನಗೆ ಏನೂ ಅನಿಸಲಿಲ್ಲ ಅಕ್ಕಾ. ಅಮ್ಮ ಮಾತ್ರ ತಲೆ ಅಲ್ಲಾಡಿಸಿ ಸಿಟ್ಟು ಮಾಡ್ಕೊಂಡಳು. ಎಡಗೈಯ ಬೆರಳು ಉಜ್ಜಿ ಉಜ್ಜಿ ತೋರಿಸಿದಳು.

ಬಟ್ಟೆ ತರೋಕೆ ಮನೆಗೆ ಬಂದೆ. ಮಗ್ಗದಲ್ಲಿ ಹಳೇ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನ ಒಂದೊಂದಾಗಿ ಜೋಡಿಸಿ ಅರ್ಧ ಕೆಚ್ಚಿದ್ದಳು, ಮಿಕ್ಕಿದ್ದು ಹಂಗೇ ನೇತಾಡ್ತಿತ್ತು. ಆಗ ಗೊತ್ತಾಯ್ತು. ಅವಳು ನನಗೆ ಧೈರ್ಯ ಹೇಳಿದ್ದಲ್ಲ, ಕೆಲಸ ಹೇಳಿದ್ದು. ಕೂತೆ. ಬೆರಳಿಗೆ ಬೂದಿ ಹಚ್ಕೊಂಡು ಎಳೆಗೆ ಎಳೆ ಹೊಸೆದು ಕೆಚ್ಚಿದೆ. ಅಳು ಬರುತ್ತೇನೋ ಅಂದ್ಕೊಂಡೆ, ಬರಲಿಲ್ಲ. ಪೂರ್ತಿ ಮುಗಿಸಿ ಆಸ್ಪತ್ರೆಗೆ ಹೋಗಿ, "ಕೆಚ್ಚಾಯ್ತಮ್ಮಾ" ಅಂದೆ. ಕಣ್ಣು ಮುಚ್ಚಿ ನಿದ್ದೆ ಮಾಡಿದಳು. ಆಮೇಲೆ ಆ ಮಾತು ಎತ್ತಿಲ್ಲ. ರೋಜಾಗೆ ನಾನು ನಿಜ ಹೇಳಲಿಲ್ಲ.

ಚೌಡಮ್ಮ ತಾಯಿ ನಿನ್ನ ಕಾಯಲಿ.

ನಿನ್ನ ತಂಗಿ
ಸುಗನ್ಯಾ

ಇದೊಂದು ಬಿಟ್ಟೋಯ್ತು. ಅಮ್ಮನಿಗೆ ಈಗ ಒಂದೊಂದೇ ಮಾತು ಬರ್ತೈತೆ. ನನ್ನನ್ನೇ ಕಲೈವಾಣಿ ಅಂತ ಕರೀತಾಳೆ. ನಾನು ಊಂ ಅಂತೀನಿ. ನಿನ್ನೆ, ಸುಗನ್ಯಾ ಎಲ್ಲಿ ಅಂತ ಕೇಳಿದಳು. ಬರ್ತಾಳೆ ಅಂದೆ. ನೀನು ಬಾ ಅಕ್ಕಾ.