ಒಡತಿಯನ್ನು ಕೇಳದೆ ಮನೆ ಕೆಡವುವವರಿಗೆ

ಮಾನ್ಯ ಆಸ್ತಿ ರಕ್ಷಣಾಧಿಕಾರಿಗಳೇ,

ಊರು ಬಿಟ್ಟುಹೋದವರಿಗಾಗಿ ರಕ್ಷಿಸಬೇಕಾದ, ನಾನಿರುವ ಈ ಮನೆಯನ್ನು ನೀವು ಕೆಡವಲು ಹೊರಟಿದ್ದೀರಿ. ಅದಕ್ಕೆ ನಾನು ಒಪ್ಪಿಗೆಯನ್ನೂ ಕೊಟ್ಟುಬಿಟ್ಟಿದ್ದೇನೆ. ಆದ್ದರಿಂದ ಈ ದೂರು ಅರ್ಧ ನಿಮ್ಮ ಮೇಲೆ, ಅರ್ಧ ನನ್ನ ಮೇಲೆ. ಪತ್ರಿಕೆಯಲ್ಲಿ ಎಲ್ಲರೆದುರು ಬರೆಯುತ್ತಿರುವುದೇಕೆಂದರೆ, ಹೂಂ ಎಂದ ಮೇಲೆ ಇದನ್ನು ಮುಚ್ಚಿಡಲು ನನ್ನಿಂದಾಗುತ್ತಿಲ್ಲ.

ಕಳೆದ ವಾರ ನಿಮ್ಮ ಎಂಜಿನಿಯರು ಬಂದು ಹಿಂದಿನ ಕೋಣೆಯ ಗೋಡೆ ತಟ್ಟಿ ನೋಡಿದರು. "ಅಜ್ಜಿ, ಇದು ಈ ಚಳಿಗಾಲದ ಮಳೆಗೆ ನಿಲ್ಲಲ್ಲ. ಕೆಡವ್ತೀವಿ. ನಿಮಗೆ ಕೆಳಗೆ ಪಾಫೋಸ್ ಪೇಟೇಲಿ ಫ್ಲಾಟ್ ಕೊಡ್ತೀವಿ, ಲಿಫ್ಟೂ ಇದೆ" ಎಂದರು.

"ಒಡತೀನ ಕೇಳಿದ್ರಾ?" ಎಂದೆ.

"ಅವರು ಟರ್ಕರು, ಗಡಿ ದಾಟಿ ಆ ಕಡೆ ಹೋದವರು. ಎಲ್ಲಿದಾರೋ ಯಾರಿಗೊತ್ತು."

"ನಂಗೊತ್ತು. ತಿಂಗಳಿಗೊಂದು ಭಾನುವಾರ ಇಲ್ಲೇ, ನೀವು ಕೂತಿರೋ ಕುರ್ಚೀಲೇ ಕಾಫಿ ಕುಡೀತಾಳೆ."

"ಕಾಫಿ ಕುಡಿದ್ರೆ ಕಡತಕ್ಕೆ ಬರಲ್ಲ ಅಜ್ಜಿ" ಎಂದು ನಕ್ಕರು. ನನ್ನ ಮೊಣಕಾಲು ಲಿಫ್ಟು ಎಂಬ ಮಾತನ್ನು ಮಾತ್ರ ಕೇಳಿಸಿಕೊಂಡಿತ್ತು. ನಾನು ಒಪ್ಪಿದೆ.

ನಿಮ್ಮ ಕಡತಕ್ಕೆ ಬಾರದ ಸಂಗತಿಗಳನ್ನು ಹೇಳುತ್ತೇನೆ, ಸಾವಧಾನವಾಗಿ ಓದಿಕೊಳ್ಳಿ. ಎಪ್ಪತ್ತನಾಲ್ಕರ ಜುಲೈನಲ್ಲಿ ಅಥೆನ್ಸಿನ ಸೇನಾಧಿಕಾರಿಗಳ ಕುಮ್ಮಕ್ಕಿನಿಂದ ನಮ್ಮದೇ ಸೈನ್ಯ ನಮ್ಮದೇ ಸರ್ಕಾರದ ಮೇಲೆ ಬಂದೂಕು ಎತ್ತಿತು. ಆ ವಾರ ಕಳೆಯುವುದರೊಳಗೆ ಟರ್ಕಿಯ ಸೈನ್ಯ ನಮ್ಮ ದ್ವೀಪದ ಉತ್ತರದ ಕರಾವಳಿಯಲ್ಲಿ ಇಳಿಯಿತು. ದ್ವೀಪ ಎರಡು ಹೋಳಾಯಿತು: ಗ್ರೀಕರಾದ ನಾವು ದಕ್ಷಿಣಕ್ಕೆ, ಇಲ್ಲಿನ ಟರ್ಕರು ಉತ್ತರಕ್ಕೆ. ಮನೆಗೆ ಮೊದಲ ಕಿಡಿ ಇಟ್ಟವರು ಯಾರು ಎಂಬುದನ್ನು ನಿಮ್ಮ ವಾರ್ಷಿಕ ಭಾಷಣಗಳಲ್ಲಿ ಏಕೆ ಅಷ್ಟು ಮೆಲ್ಲಗೆ ಹೇಳುತ್ತೀರಿ? ನಾನೂ ನನ್ನ ಗಂಡ ವ್ರಾಸಿದಾಸನೂ ಉತ್ತರದ ಲಾಪಿಥೋಸಿನ ನಮ್ಮ ಮನೆಗೆ ಬೀಗ ಹಾಕಿ, ನಾಲ್ಕು ದಿನಕ್ಕೆ ಬರುತ್ತೇವೆಂದು ಹೊರಟವರು ಚಳಿಗಾಲದ ತನಕ ಡೇರೆಯಲ್ಲಿದ್ದೆವು. ಆಮೇಲೆ ನಿಮ್ಮ ಹಿಂದಿನವರು ಪಾಫೋಸಿನ ಬೆಟ್ಟದ ಮೇಲಿನ ಈ ಮನೆಯನ್ನು "ತಾತ್ಕಾಲಿಕವಾಗಿ" ಕೊಟ್ಟರು. ಒಡತಿ ನೆಝಿಹೆ ತನ್ನವರೊಂದಿಗೆ ಜೀವಭಯದಿಂದ ಗುಡ್ಡ ಹತ್ತಿ ಓಡಿಹೋಗಿದ್ದಳು. ಒಳಗೆ ಜಾಡಿಯೊಂದರಲ್ಲಿ ಅವಳು ಉಪ್ಪುನೀರಿಗೆ ಹಾಕಿಟ್ಟಿದ್ದ ಹಲ್ಲುಮಿ ಗಿಣ್ಣು ಹಾಗೇ ಇತ್ತು. ಹಸಿದಿದ್ದೆವು, ತಿಂದೆವು.

ಎರಡು ಸಾವಿರದ ಮೂರರಲ್ಲಿ ಗಡಿಯ ದಾರಿ ತೆರೆದಾಗ ಮೊದಲು ನಾನು ಲಾಪಿಥೋಸಿಗೆ ಓಡಿದೆ. ನನ್ನ ಮನೆಯ ಬಾಗಿಲಲ್ಲಿ ಟರ್ಕಿ ಹೆಂಗಸೊಬ್ಬಳು ನಿಂತು, "ಬನ್ನಿ, ಒಳಗೆ ಬನ್ನಿ" ಎಂದು ಕೈಬೀಸಿ ಕರೆದಳು. ನನ್ನ ಮನೆಗೆ ನನ್ನನ್ನೇ ಕರೆಯಲು ಇವಳ್ಯಾರು? ಅವಳ ಕಾಫಿ ಮುಟ್ಟದೆ, ಅವಳು ಕಿತ್ತುಕೊಟ್ಟ ನಿಂಬೆಹಣ್ಣನ್ನೂ ಅಲ್ಲೇ ಬಿಟ್ಟು, ದಾರಿಯುದ್ದಕ್ಕೂ ಅವಳನ್ನು ಬೈಯುತ್ತ ಬಂದೆ.

ಅದಾದ ಮೇಲೆ ಒಂದು ಮಧ್ಯಾಹ್ನ ಬೇಳೆ ಊಟಕ್ಕೆ ಕೂತಿದ್ದೆ. ನಮ್ಮಲ್ಲಿ ಊಟಕ್ಕೆ ಕೂತವರು ದಾರಿಹೋಕರನ್ನೂ "ಕೊಪ್ಯಾಸ್ತೆ" ಎಂದು ಕರೆಯದೆ ತುತ್ತೆತ್ತುವುದಿಲ್ಲ. ಹೊಸ್ತಿಲ ಆಚೆ ಒಬ್ಬ ಹೆಂಗಸು ಚಪ್ಪಲಿ ಬಿಡಲೋ ಬೇಡವೋ ಎಂಬಂತೆ ನಿಂತಿದ್ದಳು. ನನ್ನ ಬಾಯಿಂದ ಅಭ್ಯಾಸಬಲದಿಂದ "ಕೊಪ್ಯಾಸ್ತೆ" ಎಂದು ಬಂದೇಬಿಟ್ಟಿತು.

"ಪರವಾಗಿಲ್ಲ, ನಾ ಹುಟ್ಟಿದ ಮನೇಗೆ ನನ್ನೇ ಕರೆಯೋರು ಸಿಕ್ಕರು" ಎಂದಳು ನೆಝಿಹೆ, ನಮ್ಮದೇ ಪಾಫೋಸಿನ ಗ್ರೀಕ್ ಮಾತಿನಲ್ಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ನಾನು ಗಿಣ್ಣಿನ ಕತೆಯನ್ನು ಕೇಳದೆಯೇ ಒದರಿದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, "ಉಪ್ಪು ಸರಿಯಾಗಿತ್ತೇನೆ?" ಎಂದಳು.

"ಸ್ವಲ್ಪ ಜಾಸ್ತಿ ಆಗಿತ್ತು ಕಣೆ."

"ಅವಸರದಲ್ಲಿ ಹಾಕಿದ್ದೆ" ಎಂದಳು. ಇಬ್ಬರೂ ಅತ್ತೆವು. ಅಂದು ಶುರುವಾದ ಭಾನುವಾರದ ಕಾಫಿ ಇನ್ನೂ ನಿಂತಿಲ್ಲ. ಅವಳು ಈಗ ಉತ್ತರದ ಮಾರ್ಫುವಿನಲ್ಲಿ ಇನ್ಯಾರೋ ಗ್ರೀಕನ ಮನೆಯಲ್ಲಿದ್ದಾಳೆ. ಇಡೀ ದ್ವೀಪ ಒಬ್ಬರ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಿರುವಾಗ ನಿಮ್ಮೊಬ್ಬರಿಗೇ ಹೇಗೆ ಸ್ವಾಮಿ ಅಷ್ಟು ಒಳ್ಳೆಯ ನಿದ್ದೆ ಬರುತ್ತದೆ? ನಾಳೆ ಲಾಪಿಥೋಸಿನ ನನ್ನ ಮನೆಯನ್ನು ಆ ಕಡೆಯವರು ನನ್ನನ್ನು ಕೇಳದೆ ಕೆಡವಿದರೆ ಅದನ್ನು ಅನಾಗರಿಕತೆ ಎಂದು ವಿಶ್ವಸಂಸ್ಥೆಗೆ ಬರೆಯುವವರು ನೀವೇ ಅಲ್ಲವೆ?

ಆದರೆ ನಿಮ್ಮನ್ನು ಬೈದಷ್ಟೂ ನನ್ನ ತಪ್ಪು ಸಣ್ಣದಾಗುತ್ತಿಲ್ಲ. ಲಾಪಿಥೋಸಿನ ಆ ಹೆಂಗಸು ನನ್ನನ್ನು ಒಳಗಾದರೂ ಕರೆದಿದ್ದಳು. ನಾನು ನೆಝಿಹೆಯ ಮನೆಯನ್ನು ಒಂದು ಲಿಫ್ಟಿಗೆ ಮಾರಿಕೊಂಡೆ. ನನಗೆ ನಾಚಿಕೆಯಾಗುತ್ತಿದೆ.

ಆದ್ದರಿಂದ ನನ್ನ ಒಪ್ಪಿಗೆಯನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಫ್ಲಾಟನ್ನು ಬೇರೆ ಯಾರಿಗಾದರೂ ಕೊಡಿ. ಗೋಡೆಗೆ ಆಸರೆ ಕೊಟ್ಟು ದುರಸ್ತಿ ಮಾಡಿ; ಕೆಡವಲೇಬೇಕೆಂದಿದ್ದರೆ ಮೊದಲು ಮಾರ್ಫುವಿಗೆ ಹೋಗಿ ಅವಳನ್ನು ಕೇಳಿ. ವಿಳಾಸ ನನ್ನ ಬಳಿ ಇದೆ. ಅದೂ ಕಷ್ಟವಾದರೆ ಬರುವ ಭಾನುವಾರ ನೀವೇ ಇಲ್ಲಿಗೆ ಬನ್ನಿ. ಅವಳು ಬರುತ್ತಾಳೆ, ಮತ್ತು ನಾನು ಅವಳಿಗೆ ಇನ್ನೂ ಏನೂ ಹೇಳಿಲ್ಲ.

ಇಂತಿ,
ಐವತ್ತು ವರ್ಷಗಳಿಂದ ತಾತ್ಕಾಲಿಕ ನಿವಾಸಿ,
ಪೊಲಿಕ್ಸೆನಿ