ಲೆನ್ಸ್ ಡಬ್ಬಿ ತೊಳೆದವರು ಯಾರು

ಸೊಸೆಗೆ,

ಇದನ್ನು ನರ್ಸಮ್ಮನ ಕೈಲಿ ಓದಿಸಿಕೋ. ನನ್ನ ಮಗನಿಗೆ ಕೊಡಬೇಡ. ಜಗಳವಾದೀತೆಂದು ಅರ್ಧ ಸಾಲು ನುಂಗಿ ಓದುತ್ತಾನೆ.

ನಿನ್ನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಮದುವೆಯ ಮಾತಿಗೆ ಕೂತ ದಿನವೇ, "ನನಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ದಿನಾ ಇಂಜೆಕ್ಷನ್ ತಗೋತೀನಿ" ಎಂದು ನೀನಾಗಿ ಹೇಳಿದೆ. ಇಷ್ಟು ಹೇಳಿದವಳು ಇನ್ನೆಷ್ಟು ಬಚ್ಚಿಟ್ಟಿದ್ದಾಳೋ ಎಂದುಕೊಂಡೆ. ಆಮೇಲೆ ಕಣ್ಣೊಳಗೆ ಹಾಕಿಕೊಳ್ಳುವ ಆ ಲೆನ್ಸು. ಗಡಿಯಾರ ರಿಪೇರಿ ಕೆಲಸಕ್ಕೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಬೇಕು, ಕನ್ನಡಕ ಅಡ್ಡ ಬರುತ್ತದೆ ಎಂದೆ ನೀನು. ಒಯ್ಯಾರಕ್ಕೊಂದು ನೆಪ ಎಂದುಕೊಂಡೆ ನಾನು. ಲೆನ್ಸ್ ನೆನೆಸುವ ಡಬ್ಬಿಗೆ ಸೀಸೆಯ ದ್ರವ ಬಿಟ್ಟರೆ ಒಂದು ಹನಿ ನೀರು ಮುಟ್ಟಿಸುತ್ತಿರಲಿಲ್ಲ. ನೀರು ಕಾಣದ ಪಾತ್ರೆ ಎಂಥ ಚೊಕ್ಕಟ? ನೀನು ಕೆಲಸಕ್ಕೆ ಹೋದಮೇಲೆ ನಾನೇ ಕೊಳಾಯಿ ಕೆಳಗೆ ತಿಕ್ಕಿ ತೊಳೆದು, ಹಸಿಹಸಿಯಾಗಿಯೇ ಮುಚ್ಚಿಟ್ಟೆ. ಹದಿನೈದು ದಿನ.

ನಿನ್ನ ಕಣ್ಣು ಕೆಂಪಾದಾಗ, ಅತ್ತಿದ್ದೀಯೆಂದು ಮಗನನ್ನು ತರಾಟೆಗೆ ತೆಗೆದುಕೊಂಡೆ. "ಅಮ್ಮಾ, ನಿಮ್ಮಿಬ್ಬರ ಮಧ್ಯೆ ನಾನು ಬಾಯಿ ತೆಗೆಯೋಕೆ ಜಾಗ ಎಲ್ಲಿದೆ?" ಎಂದ.

ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರು, "ಲೆನ್ಸಿಗಾಗಲಿ ಡಬ್ಬಿಗಾಗಲಿ ನೀರು ತಾಗಿತ್ತಾ?" ಎಂದು ಕೇಳಿದರು. ನೀನು ಇಲ್ಲವೆಂದೆ. ಕಣ್ಣು ನೋಯತೊಡಗಿದ ದಿನ ಕೆಲಸದಿಂದ ಬೇಗ ಬಂದು, ನಾನು ತೊಳೆಯುವುದನ್ನು ನೀನು ಬಾಗಿಲಲ್ಲಿ ನಿಂತು ನೋಡಿದ್ದೆ. ನನಗೆ ಗೊತ್ತಿಲ್ಲವೆಂದುಕೊಂಡೆಯಾ? ಮತ್ತೇಕೆ ಸುಳ್ಳು? ಹೆದರಿಕೆಯೋ, ಮುದುಕಿಯ ಮೇಲೆ ಕನಿಕರವೋ, ಮುಂದೆಂದಾದರೂ ಎತ್ತಿ ಆಡಲು ಕೂಡಿಟ್ಟುಕೊಂಡೆಯೋ? ಎರಡು ದಿನ ಇದನ್ನೇ ಕೆದಕುತ್ತ ಕೂತೆ. ಆ ಎರಡು ದಿನವೂ ಔಷಧಿ ನಾಟಲಿಲ್ಲ. ನಿನ್ನೆ ನೀನು ಕಿಟಕಿ ಎಲ್ಲಿದೆಯೆಂದು ಕೇಳಿದೆ.

ಇವತ್ತು ಬೆಳಿಗ್ಗೆ ಡಾಕ್ಟರ ಕೋಣೆಗೆ ಹೋಗಿ, ಎಲ್ಲರೆದುರು, ತೊಳೆದವಳು ನಾನು ಎಂದೆ.

"ಏನಮ್ಮಾ, ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?" ಎಂದು ಗದರಿದರು. ಈ ವಯಸ್ಸಿನಲ್ಲಿ ತಲೆ ತಗ್ಗಿಸಿ ನಿಂತೆ. ಕೊಳಾಯಿ ನೀರಿನಲ್ಲಿ ನಮಗೆ ಕಾಣದ ಜೀವಿಗಳಿರುತ್ತವಂತೆ. ಲೆನ್ಸಿಗೆ ಅಂಟಿದರೆ ಕಣ್ಣನ್ನೇ ಕೊರೆಯುತ್ತವಂತೆ. ಸಕ್ಕರೆ ಇದ್ದವರಿಗೆ ಗಾಯ ಮಾಯುವುದೂ ನಿಧಾನವಂತೆ. ಮತ್ತೊಮ್ಮೆ ಪರೀಕ್ಷೆ ಮಾಡಿ ಔಷಧಿ ಬದಲಿಸುತ್ತಾರೆ. ದೃಷ್ಟಿ ಪೂರ್ತಿ ಬರುತ್ತದೆಂದು ಅವರು ಹೇಳಲಿಲ್ಲ. ಕೇಳಲು ನನಗೆ ಧೈರ್ಯ ಬರಲಿಲ್ಲ.

ಇನ್ನು ಮೇಲೆ ನನ್ನ ಮಾನ ಕಾಯಲು ಹೋಗಬೇಡ. ಅದಕ್ಕೆ ನಿನ್ನ ಕಣ್ಣಿನ ಬೆಲೆಯಿಲ್ಲ.

ಆ ಕಣ್ಣು ವಾಸಿಯಾಗಲಿ ಮಗಳೇ. ನನ್ನನ್ನು ದುರುಗುಟ್ಟಿ ನೋಡುವಷ್ಟು ಚೆನ್ನಾಗಿ ವಾಸಿಯಾಗಲಿ.

ನಿನ್ನ ಅತ್ತೆ