ಉಸ್ತಾದರು ಕೇಳಿದ ಸದ್ದು

ಉಸ್ತಾದ್ರೇ, ನಿಮ್ಮ ಗೌರಿಯ ಸಲಾಮು.

ನಿನ್ನೆ ಶುಕ್ರವಾರ ನಿಮ್ಮ ಮನೆಗೆ ಹೋಗಿದ್ದೆ. ಬೀಬಮ್ಮ ಟೀ ಕೊಟ್ಟು, ಎದುರಿಗೆ ಕೂತು, ಪ್ರತಿ ವಾರದ ಹಾಗೆ ಅದನ್ನೇ ಕೇಳಿದರು. "ಸಮುದ್ರ ನೋಡ್ದಾಗ ಏನಂದ್ರಮ್ಮ ಅವ್ರು? ಇನ್ನೊಂದ್ಸಲ ಹೇಳು." ನಾನೂ ಪ್ರತಿ ವಾರದ ಹಾಗೆ ಹೇಳಿದೆ. "ಮಾಷಾ ಅಲ್ಲಾ ಅಂದ್ರು ಬೀಬಮ್ಮ. ಕಣ್ಣಲ್ಲಿ ನೀರು ಬಂದ್ಬುಡ್ತು." ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಾಳಾದ್ದು ನನ್ನ ನಾಲಿಗೆ! ನೀವು ಸಮುದ್ರ ನೋಡಲೇ ಇಲ್ಲ. ನೋಡದ ಹಾಗೆ ಮಾಡಿದವಳು ನಾನು. ನಿಮ್ಮ ಹೆಂಡತಿಗೆ ಇದನ್ನು ಹೇಳುವ ಎದೆ ನನಗಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕೂಟಗಲ್ಲಿನಿಂದ ಚನ್ನಪಟ್ಟಣಕ್ಕೆ ಬಂದು ನಿಮ್ಮ ಕೈಕೆಳಗೆ ಗೊಂಬೆ ಕೆಲಸಕ್ಕೆ ಸೇರಿದ ಮೊದಲ ದಿನ ನೆನಪಾಗುತ್ತದೆ. ಮಿಷಿನ್ನಿಗೆ ಸಿಕ್ಕಿಸಿದ ಬುಗುರಿಗೆ ಅರಗು ಹಚ್ಚುವಾಗ ಹೆದರಿ ಕೈ ತೆಗೆದುಬಿಟ್ಟೆ, ಬಣ್ಣ ಮಚ್ಚೆಮಚ್ಚೆಯಾಯಿತು. ನೀವು ಬೈಯಲಿಲ್ಲ. "ಒಸಿ ತಡ್ಕೊ ಬೇಟಿ, ಅದು ಬಿಸಿ ಆಯ್ತದೆ, ನೀನೂ ಬಿಸಿ ಆಯ್ತೀಯ, ಇಬ್ರೂ ಒಂದಾಗ್ಬುಡ್ತೀರಿ" ಅಂದಿರಿ. ಆಮೇಲೆ ಕೇದಗೆ ಎಲೆ ಮಡಿಚಿ ಒತ್ತಿ ಹಿಡಿದು, ತಿರುಗುವ ಬುಗುರಿಗೆ ಹೊಳಪು ಬರಿಸಿ ತೋರಿಸಿದಿರಿ. ಆ ಎಲೆಗೆ ನಾವು ತಾಳೆಗರಿ ಅನ್ನುತ್ತೇವೆ. ಅಪ್ಪ ಅನ್ನಿಸಿಕೊಂಡವನು ನನಗೆ ಕಲಿಸದೇ ಇದ್ದದ್ದನ್ನೆಲ್ಲ ಕಲಿಸಿದವರು ನೀವು. ಐವತ್ತು ವರ್ಷ ಮರದ ಧೂಳು ಕುಡಿದು ನಿಮ್ಮ ಉಸಿರಿಗೆ ದಮ್ಮು ಹತ್ತಿದಾಗ, "ಒಂದೇ ಒಂದು ಆಸೆ ಕಣಮ್ಮ, ಸಮುದ್ರ ನೋಡ್ಬೇಕು" ಅಂತ ಕೇಳಿದ್ದೂ ನನ್ನನ್ನೇ.

ಮಾಗಡಿ ದಾರಿಯಲ್ಲಿ ಹೊರಟ ಆ ಬೆಳಿಗ್ಗೆ ನಿಮ್ಮ ಖುಷಿಯೇನು, ನಿಮ್ಮ ಕಾಟವೇನು! ನಮ್ಮ ಯಜಮಾನರು ವ್ಯಾನು ಓಡಿಸುತ್ತಿದ್ದರು, ನೀವು ಪಕ್ಕದಲ್ಲಿ ಕೂತು ಮರ ಎಣಿಸುತ್ತಿದ್ದಿರಿ. ಬಂಡೆ ಬೇಡ, ಮಾವಿನ ತೋಪು ಬೇಡ, ನಾವು ಗೊಂಬೆ ಮಾಡುವ ಹಾಲೆ ಮರ ಕಂಡರೆ ಸಾಕು, "ಆಹಾ, ಇದ್ರಾಗೆ ಎಂಥಾ ಕುದ್ರೆ ಐತೆ ನೋಡು" ಅನ್ನುವುದು. ಘಾಟಿ ಇಳಿದ ಮೇಲೆ ಇನ್ನೊಂದು ರಗಳೆ. ಯಾವ ಸೇತುವೆ ಬಂದರೂ ಕತ್ತು ಚಾಚಿ, "ಇದೇನಾ?" "ಅಲ್ಲ ಉಸ್ತಾದ್ರೇ, ಇದು ಹೊಳೆ." ಮುಂದಿನ ಸೇತುವೆಗೆ ಮತ್ತೆ, "ಇದಾದ್ರೂ?" ಯಜಮಾನರಿಗೆ ನಗು ತಡೆಯಲಾಗಲಿಲ್ಲ. "ಸಮುದ್ರಕ್ಕೆ ಆಚೆ ದಡ ಇರಾಕಿಲ್ಲ ಸಾಬ್ರೇ, ಬಂದ್ರೆ ನಿಮ್ಗೇ ಗೊತ್ತಾಯ್ತದೆ" ಅಂದರು. ಅಷ್ಟು ನಕ್ಕ ಪ್ರಯಾಣ ಅದು.

ತೆಂಗಿನ ತೋಟಗಳು ಶುರುವಾಗಿ, ಕೆಂಪು ಕಲ್ಲಿನ ಗೋಡೆಗಳ ನಡುವೆ ರಸ್ತೆ ಸಣ್ಣದಾದಾಗ ನೀವು ಕೂಗಿದಿರಿ. "ನಿಲ್ಸಪ್ಪ, ನಿಲ್ಸು! ತಾಳೆಗರಿ!" ಒಂದು ಮನೆಯ ಪಕ್ಕ ಹರಿಯುವ ತೋಡಿನ ದಂಡೆಯುದ್ದಕ್ಕೂ ಆಳೆತ್ತರದ ಕೇದಗೆ ಮೆಳೆ. ನಮ್ಮ ಊರಲ್ಲಿ ಒಂದೊಂದು ಎಲೆಯನ್ನೂ ಬಂಗಾರದ ಹಾಗೆ ನೋಡುವವರು ನೀವು, ಬಿಡುತ್ತೀರಾ? ಕಿಸೆಯಿಂದ ಚಾಕು ತೆಗೆದು ಕೊಯ್ಯಲು ನಿಂತೇಬಿಟ್ಟಿರಿ. ಒಳಗಿಂದ ಹೆಂಗಸೊಬ್ಬರು ಬಂದರು. "ಎಂತ ಮಾರಾಯ್ರೆ, ಮೂಡೆ ಕಟ್ಟುದಕ್ಕಾ?" ಮೂಡೆ ಅಂದರೆ ಈ ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿಯಂತೆ. "ಇಡ್ಲಿನಾ! ಇದ್ರಲ್ಲಿ ನಾವು ಬುಗುರಿ ಉಜ್ಜೋದಮ್ಮ" ಅಂದಿರಿ ನೀವು. "ಬುಗುರಿಯಾ!" ಅಂದರು ಅವರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು. ಆ ನಗುವಿನಲ್ಲೇ ನಿಮಗೆ ಉಸಿರು ಸಿಕ್ಕಿಕೊಂಡಿತು.

ಮೊದಲು ನಾನು ಹೆದರಲಿಲ್ಲ, ನಿಮ್ಮ ದಮ್ಮು ನನಗೇನು ಹೊಸದೇ? ಪಂಪು ಬಾಯಿಗಿಟ್ಟು ಒತ್ತಿದೆ. ಮತ್ತೆ ಒತ್ತಿದೆ. ತುಟಿ ನೀಲಿಗೆ ತಿರುಗಿತು. ಆ ಹೆಂಗಸು, "ಆಸ್ಪತ್ರೆ ಆಚೆ ಊರಲ್ಲಿ ಉಂಟು, ಕಡಲ ಬದಿಯ ರಸ್ತೆಯಲ್ಲೇ ಸೀದಾ ಹೋಗಿ" ಅಂತ ಕೈ ತೋರಿಸಿದರು. ನಿಮ್ಮನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಕೈಗೆ ಕೈ ಕೊಟ್ಟು ಕೂರುವುದು ಬಿಟ್ಟರೆ ನನ್ನಿಂದ ಇನ್ನೇನಾಗುತ್ತಿತ್ತು ಹೇಳಿ?

ತಿರುವು ಕಳೆದದ್ದೇ ತಡ, ಬಲಗಡೆ ಅದು ಬಂತು ಉಸ್ತಾದ್ರೇ. ಕಿಟಕಿ ತುಂಬ. ಆಚೆ ದಡ ಇರಲಿಲ್ಲ. ನಿಮ್ಮ ಮುಖ ಸೀಟಿನ ಬೆನ್ನಿಗೆ ತಿರುಗಿತ್ತು. ಯಜಮಾನರು ಕನ್ನಡಿಯಲ್ಲಿ ನನ್ನನ್ನು ನೋಡಿ ಮೆಲ್ಲಗೆ, "ಏನ್ಮಾಡ್ಲೇ? ಒಂದ್ಗಳಿಗೆ ನಿಲ್ಸ್ಲಾ?" ಅಂದರು. ನಿಲ್ಲಿಸಿದರೆ ನೀವು ಇಳಿಯುತ್ತೀನಿ ಅಂತೀರಿ. ನಿಮ್ಮ ಹಟ ನನಗೆ ಗೊತ್ತಿಲ್ಲವೇ? ಇಳಿದರೆ ಹೊತ್ತಾಗುತ್ತದೆ, ಹೊತ್ತಾದರೆ... "ಬ್ಯಾಡ, ಓಡ್ಸಿ" ಅಂದೆ. ಬದುಕಿದರೆ ನಾಳೆ ಬೇಕಾದಷ್ಟು ನೋಡಬಹುದು ಅಂದುಕೊಂಡೆ. ನಿಮ್ಮ ತಲೆಯನ್ನು ಒಂದು ಗೇಣು ಎತ್ತಿದ್ದರೆ ಸಾಕಿತ್ತು.

ಆಗಲೇ ನೀವು ಕಣ್ಣು ಮುಚ್ಚಿಕೊಂಡೇ ಮಾತಾಡಿದ್ದು. ಕಿವಿ ಅರ್ಧ ಹೋಗಿದ್ದರೂ ಮಿಷಿನ್ನಿನ ಬೆಲ್ಟು ಹೊಡೆದುಕೊಳ್ಳುವ ಸದ್ದು ಮಾತ್ರ ನಿಮಗೆ ಯಾವಾಗಲೂ ಮೊದಲು ಕೇಳುತ್ತಿತ್ತಲ್ಲ. "ಯಾವ್ ಮಿಷಿನ್ನು ಬೇಟಿ ಅದು? ಬೆಲ್ಟು ಸಡ್ಲ ಆಗೈತೆ... ಬಡೀತೈತೆ ನೋಡು. ಯಾರೋ ಹಂಗೇ ಬುಟ್ಟು ಹೋಗವ್ರೆ. ಆಫ್ ಮಾಡಮ್ಮ." ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಹೂಂ ಉಸ್ತಾದ್ರೇ, ಆಫ್ ಮಾಡ್ತೀನಿ, ನೀವು ಮಲಿಕ್ಕೊಳಿ" ಅಂದೆ. ನೀವು ತಲೆಯಾಡಿಸಿದಿರಿ. ಆಮೇಲೆ ಮಾತಾಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ವ್ಯಾನಿನೊಳಗೇ ಬಗ್ಗಿ ನಿಮ್ಮನ್ನು ಮುಟ್ಟಿ ನೋಡಿದರು. ಚಿಕ್ಕ ವಯಸ್ಸಿನವರು, ಪಾಪ, ಹೇಗೆ ಹೇಳುವುದೆಂದು ತಿಳಿಯದೆ ನನ್ನ ಮುಖ ನೋಡಿದರು. ಅಲ್ಲಿಗೆ ನನ್ನ ಅವಸರ, ನನ್ನ ಜಾಣತನ ಎಲ್ಲ ಮುಗಿಯಿತು. ನಿಲ್ಲಿಸಿದ್ದರೂ ಅಷ್ಟೇ ಆಗುತ್ತಿತ್ತೋ ಏನೋ. ಆಗಲೇ ಡಾಕ್ಟರನ್ನು ಕೇಳಬೇಕಿತ್ತು. ಈಗ ಯಾರನ್ನು ಕೇಳಲಿ? ನೀವಾದರೂ ಬೈದಿದ್ದರೆ ಸಮಾಧಾನವಾಗುತ್ತಿತ್ತು, ಬೈಯುವುದೇ ಬರದ ಮನುಷ್ಯ ನೀವು.

ಬೀಬಮ್ಮ ನಿಮ್ಮಲ್ಲಿಗೆ ಬಂದ ದಿನ ಮಾಷಾ ಅಲ್ಲಾದ ವಿಷಯ ಎತ್ತಿಯೇ ಎತ್ತುತ್ತಾರೆ. ನನ್ನ ಮಾನ ನಿಮ್ಮ ಕೈಯಲ್ಲಿದೆ, ಹೌದು ಅಂದುಬಿಡಿ. ಆದರೆ ನಿಮಗೆ ಮಾತ್ರ ನಿಜ ಹೇಳುತ್ತೇನೆ. ಅದು ಮಿಷಿನ್ನಲ್ಲ ಉಸ್ತಾದ್ರೇ. ಅದೇ ಸಮುದ್ರ. ನಿಮ್ಮನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ರಸ್ತೆ ದಾಟಿ ಅದರ ಮುಂದೆ ಹೋಗಿ ನಿಂತೆ. ನಿಮಗೆ ಮಾತು ಕೊಟ್ಟಿದ್ದೆನಲ್ಲ, ಎಷ್ಟೋ ಹೊತ್ತು ನಿಂತೆ. ಅದನ್ನು ಆಫ್ ಮಾಡಲು ನನ್ನ ಕೈಲಾಗಲಿಲ್ಲ.

ನಿಮ್ಮ ಬೇಟಿ,
ಗೌರಿ